ಅಲಂಕಾರದ ಆಯ-ವ್ಯಯ

ನಲವತ್ತೈದು ದಾಟಿದ ಹೆಣ್ಣುಮಕ್ಕಳ ಅಲಂಕಾರದ ಖರ್ಚಿನ ವಿಷಯ ಬಂದಾಗ ಮನೆಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. “ಈ ವಯಸ್ಸಿನಾಗ ಇದೆಲ್ಲಾ ಯಾಕ ಬೇಕು?” ಎಂಬುದು ಒಂದು. “ಸ್ವಲ್ಪ ನೀಟಾಗಿ ಇರಬಾರದೇನು, ಮುದುಕಿ ಹಂಗ ಕಾಣಸ್ತಿ!” ಎಂಬುದು ಇನ್ನೊಂದು. ಎರಡೂ ಮಾತುಗಳು ಅನೇಕ ವೇಳೆ ಒಂದೇ ಬಾಯಿಂದ, ಒಂದೇ ವಾರದಲ್ಲಿ ಬರುತ್ತವೆ ಎಂಬುದು ಸೋಜಿಗ. ಸೋಮವಾರ ಕೂದಲ ಬಣ್ಣದ ಡಬ್ಬಿಯ ಬೆಲೆ ಕೇಳಿ ಹುಬ್ಬು ಗಂಟಿಕ್ಕಿದವರೇ ಶುಕ್ರವಾರ ಮದುವೆಗೆ ಹೊರಡುವಾಗ ಬೈತಲೆಯ ಬೆಳ್ಳಿಕೂದಲನ್ನು ಕಂಡು ಮುಖ ಸಿಂಡರಿಸುತ್ತಾರೆ. ಈ ಎರಡು ಮಾತುಗಳ ನಡುವೆ ನಿಂತ ನಡುವಯಸ್ಸಿನ ನಾವು ಯಾವುದಕ್ಕೆ ಕಿವಿಗೊಡಬೇಕು? ಎರಡಕ್ಕೂ ಕಿವಿಗೊಡುವ ಮೊದಲು ಲೆಕ್ಕದ ಪುಸ್ತಕವನ್ನೊಮ್ಮೆ ತೆರೆದು ನೋಡುವುದು ಒಳಿತೆಂದು ನಮಗೆ ತೋರಿತು. ಶರಣಧರ್ಮದಲ್ಲಿ ಆದಾಯಕ್ಕೆ ಕಾಯಕವೆಂಬ ಒರೆಗಲ್ಲಿದೆ, ವ್ಯಯಕ್ಕೆ ದಾಸೋಹವೆಂಬ ಒರೆಗಲ್ಲಿದೆ. ಹಾಗಿರುವಾಗ ಲೆಕ್ಕ ಬರೆಯುವುದರಲ್ಲಿ ಸಂಕೋಚವೇತಕ್ಕೆ?

ನಮ್ಮ ಅಕ್ಕನ ಬಳಗದ ಐದಾರು ಜನ ಸಹೋದರಿಯರು ಒಂದು ವರ್ಷದ ಕಾಲ ಇಂಥ ಖರ್ಚನ್ನೆಲ್ಲ ಚಿಕ್ಕ ನೋಟುಬುಕ್ಕಿನಲ್ಲಿ ಬರೆದಿಡಬೇಕೆಂದು ನಿಶ್ಚಯಿಸಿದೆವು. ಸೀರೆ ಮತ್ತು ಬಂಗಾರವನ್ನು ಲೆಕ್ಕದಿಂದ ಹೊರಗಿಟ್ಟೆವು. ಸೀರೆ ಮಗಳಿಗೆ, ಸೊಸೆಗೆ ದಾಟುತ್ತದೆ. ಬಂಗಾರ ಕಷ್ಟಕಾಲಕ್ಕೆ ಒದಗುತ್ತದೆ. ನಮ್ಮ ಮನೆಯ ಪುಸ್ತಕದಲ್ಲಿ ಕಂಡದ್ದು ಇಷ್ಟು: ನಾಲ್ಕು ವಾರಕ್ಕೊಮ್ಮೆ ಮನೆಯಲ್ಲೇ ಹಚ್ಚಿಕೊಂಡ ಕೂದಲ ಬಣ್ಣ, 13 ಸಲಕ್ಕೆ 180 ರೂಪಾಯಿಯಂತೆ 2,340. ಹುಬ್ಬು ತಿದ್ದಿಸಿದ್ದು 18 ಸಲ, 50 ರೂಪಾಯಿಯಂತೆ 900. ಹಬ್ಬ, ಮದುವೆಗಳ ಮುಂಚೆ ಫೇಶಿಯಲ್ ನಾಲ್ಕು ಸಲ, 900ರಂತೆ 3,600. ಕ್ರೀಮು, ಪೌಡರು, ಶಾಂಪೂ ಮೊದಲಾದುವಕ್ಕೆ ತಿಂಗಳಿಗೆ 350ರಂತೆ 4,200. ಜಂಪರ್ ಹೊಲಿಗೆ ಎಂಟಕ್ಕೆ 700ರಂತೆ 5,600. ಅಷ್ಟೇ ಸೀರೆಗಳಿಗೆ ಫಾಲ್, ಪಿಕೋ, ಕುಚ್ಚು ಸೇರಿ 350ರಂತೆ 2,800. ಬಳಗದ ಮೂರು ಮದುವೆಗಳಲ್ಲಿ ತುರುಬು ಕಟ್ಟಿಸಿ ಸೀರೆ ಉಡಿಸಿಕೊಂಡದ್ದಕ್ಕೆ 1,500ರಂತೆ 4,500. ಒಟ್ಟು 23,940 ರೂಪಾಯಿ. ತಿಂಗಳಿಗೆ ಹಂಚಿದರೆ 1,995.

ಈ ಅಂಕಿಯನ್ನು ನೋಡಿದೊಡನೆ ನಮಗೆ ನೆನಪಾದದ್ದು ಗೃಹಲಕ್ಷ್ಮಿ ಯೋಜನೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಆ ಯೋಜನೆಯಲ್ಲಿ ಆದಾಯ ತೆರಿಗೆ ಕಟ್ಟದ ಮನೆಯ ಯಜಮಾನಿಗೆ ಸರ್ಕಾರ ಗೊತ್ತುಪಡಿಸಿದ ಮೊತ್ತ ತಿಂಗಳಿಗೆ 2,000 ರೂಪಾಯಿ. ಅಂದರೆ ಒಬ್ಬ ತಾಯಿ ಅಕ್ಕಿ-ಬೇಳೆಗೆ, ಮಕ್ಕಳ ಪುಸ್ತಕಕ್ಕೆ, ಗುಳಿಗೆಗೆ ಹಂಚಿ ಬಳಸುವ ಹಣಕ್ಕೂ ಮಧ್ಯಮವರ್ಗದ ಒಬ್ಬ ಗೃಹಿಣಿಯ ಮೇಲ್ತೋರಿಕೆಯ ಖರ್ಚಿಗೂ ಐದೇ ರೂಪಾಯಿಯ ಅಂತರ! ಈ ಹೋಲಿಕೆಯಿಂದ ಯಾರನ್ನೂ ಹೀಗಳೆಯುವ ಉದ್ದೇಶ ನಮ್ಮದಲ್ಲ. ಅದೇ ಮನೆಯಲ್ಲಿ ಯಜಮಾನರ ಎಲೆ-ಅಡಿಕೆ, ತಂಬಾಕು, ಗೆಳೆಯರೊಡನೆ ಹೋಟೆಲಿನ ಚಹಾ-ಚೂಡಾ, ಮೋಟಾರ್ ಸೈಕಲ್ಲಿನ ಅಲಂಕಾರಗಳ ಲೆಕ್ಕವನ್ನು ಯಾರೂ ಬರೆದಿಲ್ಲ. ಬರೆದರೆ ಯಾವ ತಟ್ಟೆ ಕೆಳಗಿಳಿದೀತೆಂದು ಹೇಳಲಾಗದು. ಮೀಸೆಗೆ ಹಚ್ಚುವ ಬಣ್ಣವೂ ಅದೇ ಅಂಗಡಿಯಲ್ಲಿ ಸಿಗುತ್ತದೆ. ಆದರೂ ಹಣ ಎಷ್ಟು, ಎಲ್ಲಿಗೆ ಹೋಯಿತೆಂಬುದು ಖರ್ಚು ಮಾಡಿದವರಿಗಾದರೂ ತಿಳಿದಿರಬೇಕಷ್ಟೆ.

ಈ ಖರ್ಚು ನಮ್ಮ ಅಜ್ಜಿಯರಿಗಿರಲಿಲ್ಲವೆಂದು ಹಿರಿಯರು ಹೇಳುವುದುಂಟು. ಅದು ಅರ್ಧ ಸತ್ಯ. ಸೀಗೆಕಾಯಿ, ಅಂಟವಾಳ, ಕಡಲೆಹಿಟ್ಟು, ಅರಿಷಿಣ, ಹರಳೆಣ್ಣೆಯ ದೀಪದಿಂದ ಹಿಡಿದ ಕಾಡಿಗೆ ಇವುಗಳಿಗೆ ರೊಕ್ಕ ಬೀಳುತ್ತಿರಲಿಲ್ಲ, ದುಡಿಮೆ ಬೀಳುತ್ತಿತ್ತು. ಸೀಗೆಕಾಯಿ ಒಣಗಿಸಿ, ಕುಟ್ಟಿ, ಸೋಸಿ, ಒಲೆಯ ಮುಂದೆ ಕುಳಿತು ನೀರು ಕಾಯಿಸಿ ನಾಲ್ಕು ಹೆಣ್ಣುಮಕ್ಕಳ ತಲೆ ಎರೆಯುವ ಹೊತ್ತಿಗೆ ಅರ್ಧ ದಿನ ಕಳೆಯುತ್ತಿತ್ತು. ಹಬ್ಬದ ಮುಂಚೆ ಬಳೆಗಾರನು ಮನೆಯ ಕಟ್ಟೆಗೇ ಬಂದು ಕೈತುಂಬ ಬಳೆ ಇಡಿಸಿ ಕಾಳು-ಕಡಿ ಪಡೆದು ಹೋಗುತ್ತಿದ್ದನು. ಇನ್ನು ನಲವತ್ತೈದರ ಹೆಣ್ಣುಮಗಳು ಅಂದು ಮೊಮ್ಮಕ್ಕಳನ್ನು ಕಂಡ ಅಜ್ಜಿ. 1951ರ ಸುಮಾರಿಗೆ ನಮ್ಮ ದೇಶದಲ್ಲಿ ಸರಾಸರಿ ಆಯುಷ್ಯ 32 ವರ್ಷದಷ್ಟಿತ್ತು. ಹಸುಗೂಸುಗಳ ಸಾವೇ ಅದಕ್ಕೆ ಮುಖ್ಯ ಕಾರಣವೆಂಬುದು ನಿಜ. ಆದರೆ ಹೆರಿಗೆಯಲ್ಲಿ, ಜ್ವರದಲ್ಲಿ ತೀರಿಹೋದ ತಾಯಂದಿರೂ ಕಡಿಮೆಯಲ್ಲ. ಇಂದು ಅದು 70ರ ಆಸುಪಾಸಿಗೆ ಏರಿದೆ. ಮಕ್ಕಳನ್ನು ದಡ ಮುಟ್ಟಿಸಿದ ಮೇಲೆಯೂ ಇಪ್ಪತ್ತು ಇಪ್ಪತ್ತೈದು ವರ್ಷ ಓಡಾಡಿಕೊಂಡಿರುವ ಭಾಗ್ಯ ಇಷ್ಟೊಂದು ಹೆಣ್ಣುಮಕ್ಕಳಿಗೆ ಒದಗಿದ್ದು ಇತ್ತೀಚೆಗೆ. ಈ ಹೊಸ ಅವಧಿಯಲ್ಲಿ ಹೇಗೆ ಉಡಬೇಕು, ಹೇಗೆ ತೊಡಬೇಕೆಂಬುದಕ್ಕೆ ಅಜ್ಜಿಯರಿಂದ ಬಂದ ರೂಢಿಯೇ ಇಲ್ಲ. ರೂಢಿಯಿಲ್ಲದ ಜಾಗವನ್ನು ಅಂಗಡಿ ತುಂಬಿತು.

ಅಂಗಡಿ ತುಂಬಿದ ಬಗೆಯನ್ನು ನಮ್ಮ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ. ಮೈಸೂರು ಅರಸರ ಕಾಲದಲ್ಲಿ 1916ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಕಾರ್ಖಾನೆಯ ಗಂಧದ ಸಾಬೂನು ನಮ್ಮ ತಾಯಂದಿರಿಗೆ ಹಬ್ಬದ ದಿನದ ಬೆಡಗಾಗಿತ್ತು. 1975ರಲ್ಲಿ ಮುಖ ಬೆಳ್ಳಗಾಗಿಸುವ ‘ಫೇರ್ ಅಂಡ್ ಲವ್ಲಿ’ ಬಂತು. 1991ರ ಆರ್ಥಿಕ ಉದಾರೀಕರಣದ ತರುವಾಯ ಪೇಟೆಯ ಬಾಗಿಲು ತೆರೆದು, ಮನೆಮನೆಗೆ ಟಿ.ವಿ. ಚಾನೆಲ್ಲುಗಳು ಹರಿದುಬಂದವು. 1994ರಲ್ಲಿ ಸುಷ್ಮಿತಾ ಸೇನ್ ವಿಶ್ವಸುಂದರಿಯಾಗಿಯೂ ಐಶ್ವರ್ಯಾ ರೈ ಜಗತ್ಸುಂದರಿಯಾಗಿಯೂ ಕಿರೀಟ ಧರಿಸಿದರು. 1996ರ ನವೆಂಬರಿನಲ್ಲಿ ಬೆಂಗಳೂರಿನ ಕ್ರಿಕೆಟ್ ಕ್ರೀಡಾಂಗಣದಲ್ಲಿಯೇ ಜಗತ್ಸುಂದರಿ ಸ್ಪರ್ಧೆ ನಡೆಯಿತು. ಬೀದಿಗಳಲ್ಲಿ ಪ್ರತಿಭಟನೆಗಳೂ ನಡೆದವು. ಅಂದು ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಐವತ್ತರ ಹೊಸ್ತಿಲಲ್ಲಿದ್ದಾರೆ. ಹುಡುಗಿಯರಾಗಿದ್ದಾಗ ಕಲಿತ ಚೆಲುವಿನ ಅಳತೆಗೋಲನ್ನು ಅವರು ತಾಯಂದಿರಾದ ಮೇಲೆಯೂ ಕೈಬಿಟ್ಟಿಲ್ಲ. 2020ರಲ್ಲಿ ಆ ಹಳೆಯ ಕ್ರೀಮಿನ ಹೆಸರಿನಿಂದ ‘ಫೇರ್’ ಎಂಬ ಮಾತು ಹೋಗಿ ‘ಗ್ಲೋ’ ಎಂಬ ಮಾತು ಬಂತು. ಡಬ್ಬಿಯ ಹೆಸರು ಬದಲಾದಷ್ಟು ಬೇಗ ವರಪರೀಕ್ಷೆಯ ಮನೆಗಳಲ್ಲಿ ಮಾತು ಬದಲಾಗಲಿಲ್ಲ.

ನಮ್ಮ ಪುಸ್ತಕಗಳ ಸಾಲುಗಳನ್ನು ಒಂದೊಂದಾಗಿ ಓದುತ್ತ ಹೋದಾಗ ಖರ್ಚಿನ ಹಿಂದೆ ಮೂರು ಬಗೆಯ ಮನಸ್ಸು ನಮಗೆ ಕಂಡಿತು. ಸಂತೋಷಕ್ಕಾಗಿ ಮಾಡಿದ್ದು ಒಂದು, ಉದ್ಯೋಗಕ್ಕಾಗಿ ಮಾಡಿದ್ದು ಇನ್ನೊಂದು, ಅಂಜಿಕೆಯಿಂದ ಮಾಡಿದ್ದು ಮತ್ತೊಂದು. ಮೊದಲನೆಯದಕ್ಕೆ ಮಿತಿಯೊಂದಿದ್ದರೆ ಸಾಕು. ಉಳಿದೆರಡನ್ನು ಕುರಿತು ಆಲೋಚಿಸಲೇಬೇಕು.

ಬಳಗದ ಒಬ್ಬ ಸಹೋದರಿ ಖಾಸಗಿ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನ ಕಲಿಸುತ್ತ ಬಂದವರು. ನಲವತ್ತೇಳನೆಯ ವಯಸ್ಸಿಗೆ ತಲೆ ಮುಕ್ಕಾಲು ಬೆಳ್ಳಗಾಯಿತು. ಹೊಸ ಪ್ರವೇಶದ ದಿನಗಳಲ್ಲಿ ಪಾಲಕರು ಬರುತ್ತಾರೆ, ಸಿಬ್ಬಂದಿ ಲವಲವಿಕೆಯಿಂದ ಕಾಣಬೇಕು, ಕೂದಲಿಗೆ ಬಣ್ಣ ಹಾಕಿಕೊಳ್ಳಿರೆಂದು ಆಡಳಿತದವರಿಂದ ಸೂಚನೆ ಬಂತು. ಅವರು ಪೇಟೆಯಿಂದ ಕರಿಬಣ್ಣ ತಂದು ಹಚ್ಚಿದರು. ಮರುದಿನ ಹಣೆ ತುರಿಸಿತು. ಮೂರನೆಯ ದಿನಕ್ಕೆ ರೆಪ್ಪೆಗಳು ಬಾತು ಕಣ್ಣು ತೆರೆಯಲಾಗಲಿಲ್ಲ. ಕರಿಬಣ್ಣಗಳಲ್ಲಿ ಸಾಮಾನ್ಯವಾಗಿರುವ ಪಿಪಿಡಿ ಎಂಬ ರಾಸಾಯನಿಕ ಅವರ ಮೈಗೆ ಒಗ್ಗದೆಂದೂ ಇನ್ನು ಜನ್ಮದಲ್ಲಿ ಅದನ್ನು ಮುಟ್ಟಬಾರದೆಂದೂ ಚರ್ಮವೈದ್ಯರು ತಿಳಿಸಿದರು. ಚಿಕಿತ್ಸೆಗೆ ಆದ ಖರ್ಚು ವರ್ಷದ ಬಣ್ಣದ ಖರ್ಚನ್ನು ಮೀರಿತು. ಒಂದು ಕಡೆ ನೌಕರಿ, ಇನ್ನೊಂದು ಕಡೆ ಮೈಯ ಕ್ಷೇಮ. ಪತಿಯ ದುಕಾನು ಸಾಗದೆ ನಿಂತಿದ್ದ ಆ ಮನೆಗೆ ಇವರ ಸಂಬಳವೇ ಆಧಾರ.

ಅವರು ಬೆಳ್ಳನೆಯ ತಲೆಯಲ್ಲೇ ಶಾಲೆಗೆ ಹೋದರು. “ಟೀಚರ್, ನಿಮಗ ಆರಾಮ ಇಲ್ಲೇನ್ರಿ?” ಎಂದು ಮಕ್ಕಳು ಕೇಳಿದರಂತೆ. ಅಂದು ಪಾಠವನ್ನು ಬದಿಗಿಟ್ಟು, ಕೂದಲ ಬುಡದಲ್ಲಿ ಬಣ್ಣ ಕೊಡುವ ಕಣಗಳಿರುತ್ತವೆ, ವಯಸ್ಸಾದಂತೆ ಅವು ಮೆಲಾನಿನ್ ತಯಾರಿಸುವುದನ್ನು ನಿಲ್ಲಿಸುತ್ತವೆ, ಇದು ರೋಗವಲ್ಲವೆಂದು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದರು. ವೈದ್ಯರ ಚೀಟಿಯನ್ನು ಆಡಳಿತದವರ ಮುಂದಿಟ್ಟು, “ನನ್ನ ಪಾಠದಾಗ ಕೊರತಿ ಇದ್ದರ ಹೇಳ್ರಿ, ತಿದ್ದಿಕೋತೀನಿ. ಕೂದಲು ನನ್ನ ಕೈಯಾಗಿಲ್ಲ” ಎಂದರು. ಪ್ರವೇಶದ ಮೇಜಿನಿಂದ ಅವರನ್ನು ತೆಗೆದರು, ತರಗತಿಯನ್ನು ಮಾತ್ರ ಉಳಿಸಿದರು. ಮಾರ್ಚ್ ಬಂದಾಗಲೆಲ್ಲ ಮುಂದಿನ ವರ್ಷದ ಆದೇಶ ಕೈಸೇರುವವರೆಗೆ ಆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ರೆಯಿಲ್ಲ. ಅದೇ ಶಾಲೆಯಲ್ಲಿ ಅವರಿಗಿಂತ ಹೆಚ್ಚು ನರೆತ ಗುರುಗಳಿದ್ದಾರೆ. ಅವರ ನರೆಗೆ ‘ಅನುಭವ’ ಎಂದು ಹೆಸರು. ಹೆಣ್ಣುಮಗಳ ನರೆಗೆ ಬೇರೆ ಹೆಸರೇಕೆ? ನಮ್ಮ ಸಮಾಜದ ಮಹನೀಯರು ನಡೆಸುವ ಶಾಲೆ, ಬ್ಯಾಂಕು, ಅಂಗಡಿಗಳು ನೂರಾರಿವೆ. ಅಲ್ಲಿಯಾದರೂ ಈ ಪ್ರಶ್ನೆಗೆ ನ್ಯಾಯವಾದ ಉತ್ತರ ಸಿಗಲೆಂದು ನಾವು ವಿನಂತಿಸುತ್ತೇವೆ.

ಅಂಜಿಕೆಯಿಂದಾಗುವ ಖರ್ಚು ಇದಕ್ಕಿಂತ ಅಪಾಯದ್ದು. ನಡುವಯಸ್ಸಿನಲ್ಲಿ ಅನೇಕರ ಕೆನ್ನೆಗೆ ಭಂಗು ಬರುತ್ತದೆ. ಬಿಸಿಲು, ಹಾರ್ಮೋನುಗಳ ಏರುಪೇರು, ಮನೆತನದ ಗುಣ ಇವು ಅದಕ್ಕೆ ಕಾರಣ. ನೆರೆಮನೆಯವರ ಮಾತು ಕೇಳಿ ಔಷಧಿ ಅಂಗಡಿಯಿಂದ ತಂದ ಟ್ಯೂಬನ್ನು ಹಚ್ಚಿದರೆ ಎರಡು ವಾರದಲ್ಲಿ ಮುಖ ತಿಳಿಯಾಗುವುದುಂಟು. ಆದರೆ ಅನೇಕ ವೇಳೆ ಅದರಲ್ಲಿರುವುದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಸಿಲಿಗೆ ಉರಿಯುತ್ತದೆ, ಕೆನ್ನೆಯ ಮೇಲೆ ಕೂದಲು ಬೆಳೆಯುತ್ತದೆ. ಬಿಟ್ಟೊಡನೆ ಭಂಗು ಮರಳುತ್ತದೆ. ಇದನ್ನು ತಡೆಯಲೆಂದೇ ಕೇಂದ್ರ ಸರ್ಕಾರವು 2018ರಲ್ಲಿ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ತಯಾರಕರ ಹೆಸರು-ವಿಳಾಸವಿಲ್ಲದ ಡಬ್ಬಿಗಳಲ್ಲಿ ಪಾದರಸವೂ ಇರುವುದುಂಟು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಅಪರೂಪದ ಕಾಯಿಲೆಯಿಂದ ಬಂದ ರೋಗಿಗಳನ್ನು ಪರೀಕ್ಷಿಸಿದ ವೈದ್ಯರು ಅವರಲ್ಲಿ ಹಲವರು ಮುಖ ಬೆಳ್ಳಗಾಗಿಸುವ ಕ್ರೀಮು ಬಳಸುತ್ತಿದ್ದುದನ್ನು ಪತ್ತೆಮಾಡಿದರು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ಇಳಿಯಿತು! ಕರಿಬಣ್ಣ ಹಚ್ಚುವವರೂ ಡಬ್ಬಿಯ ಮೇಲಿನ ಸೂಚನೆಯಂತೆ ಕಿವಿಯ ಹಿಂದೆಯೋ ಮೊಳಕೈ ಒಳಭಾಗದಲ್ಲಿಯೋ ಒಂದಿಷ್ಟು ಹಚ್ಚಿ, ಎರಡು ದಿನ ಕಾದು ನೋಡುವುದನ್ನು ಮರೆಯಬಾರದು. ಮದರಂಗಿ ತಾನಾಗಿ ಕೆಂಪು ಬಣ್ಣ ಕೊಡುತ್ತದೆಯೇ ಹೊರತು ಕಪ್ಪನ್ನಲ್ಲ. ‘ಕಪ್ಪು ಮೆಹಂದಿ’ ಎಂದು ಮಾರುವ ಪುಡಿಯಲ್ಲಿ ಅನೇಕ ವೇಳೆ ಅದೇ ಪಿಪಿಡಿ ಬೆರೆತಿರುತ್ತದೆ.

ಅಲಂಕಾರದ ಮಾತು ಬಂದಾಗ ಅಕ್ಕಮಹಾದೇವಿಯ ನಿದರ್ಶನ ಕೊಟ್ಟು ನಮ್ಮ ಬಾಯಿ ಮುಚ್ಚಿಸುವವರಿದ್ದಾರೆ. “ಅಕ್ಕ ಎಲ್ಲವನ್ನೂ ತೊರೆದಳು, ನಿಮಗೆ ಲಿಪ್‌ಸ್ಟಿಕ್ ಬೇಕೇ?” ಎನ್ನುತ್ತಾರೆ. ಉಡುತಡಿಯ ಆ ಮಹಾತಾಯಿ ತೊರೆದದ್ದು ಏನನ್ನೆಂದು ಅವರು ನಿಂತು ಯೋಚಿಸಲಿ. ಅರಸ ಕೌಶಿಕನು ಆಕೆಯ ರೂಪವನ್ನು ಮೆಚ್ಚಿದನು, ಮೆಚ್ಚಿದ್ದನ್ನು ತನ್ನದೆಂದನು. ತನ್ನ ಕಾಯದ ಬೆಲೆಯನ್ನು ಇನ್ನೊಬ್ಬರ ಕಣ್ಣು ಕಟ್ಟಲೆಂಬುದಕ್ಕೆ ಆಕೆ ಒಪ್ಪಲಿಲ್ಲ. ಬಿಟ್ಟುಬಂದದ್ದು ಅರಮನೆಯನ್ನು, ಅರಮನೆಯ ದೃಷ್ಟಿಯನ್ನು. ಆದಕಾರಣ ಅಕ್ಕನ ಹೆಸರು ಹೇಳಿ ಇನ್ನೊಬ್ಬಾಕೆಯ ಕುಂಕುಮ-ಕಾಡಿಗೆಗಳಿಗೆ ತೀರ್ಪು ಕೊಡುವುದು ಅಕ್ಕನಿಗೆ ಸಲ್ಲದ ಕೆಲಸ. ಆದರೆ ನಾವು ನಮ್ಮೊಳಗೆ ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಆಕೆ ಬಿಟ್ಟುಹೋಗಿದ್ದಾಳೆ: ಇದು ಯಾರ ಕಣ್ಣಿಗಾಗಿ?

ಎರಡನೆಯ ಪ್ರಶ್ನೆಯನ್ನು ಆಯ್ದಕ್ಕಿ ಲಕ್ಕಮ್ಮ ಬಿಟ್ಟುಹೋಗಿದ್ದಾಳೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ತಂದಲ್ಲೇ ಸುರಿದು ಬರುವಂತೆ ಆಕೆ ಹೇಳಿ ಕಳುಹಿಸಿದಳೆಂಬುದು ನಾವೆಲ್ಲ ಬಲ್ಲ ಪ್ರಸಂಗ. ಅಕ್ಕಿ ಕೆಟ್ಟದ್ದೆಂದು ಆಕೆ ಹೇಳಲಿಲ್ಲ. ಸಾಕು ಎಂಬ ಮಾತನ್ನು ಹೇಳಿದಳು. ಅಂಗಡಿಯ ಭಾಷೆಯಲ್ಲಿ ಇಲ್ಲದ ಒಂದೇ ಪದ ಅದು.

ಇಷ್ಟು ಹೇಳಿದ ಮೇಲೆ, ನಮ್ಮ ಪುಸ್ತಕಗಳಲ್ಲಿ ಅತ್ಯಂತ ಸಾರ್ಥಕವಾಗಿ ಕಂಡ ಖರ್ಚು ಯಾವುದೆಂಬುದನ್ನೂ ಹೇಳಬೇಕು. ಬಳಗದ ಹಿರಿಯ ಸಹೋದರಿಯೊಬ್ಬರು ಆರು ವರ್ಷಗಳ ಹಿಂದೆ ಪತಿಯನ್ನು ಕಳೆದುಕೊಂಡವರು. ಅಂದಿನಿಂದ ಮಾಸಲು ಬಣ್ಣದ ಸೀರೆ, ಬರಿದಾದ ತುರುಬು. ಯಾರೂ ಕಟ್ಟಪ್ಪಣೆ ಮಾಡಿರಲಿಲ್ಲ. ಬೇಡವೆಂದು ಹೇಳಿದವರೂ ಇರಲಿಲ್ಲ, ಮುಡಿಯಿರೆಂದವರೂ ಇರಲಿಲ್ಲ. ಪ್ರವಚನವೊಂದರಲ್ಲಿ ಪಂಚಸೂತಕಗಳ ನಿರಾಕರಣೆಯ ವಿವರಣೆ ಕೇಳಿಬಂದ ದಿನ, ಲಿಂಗಧಾರಿಗೆ ಮರಣದ ಸೂತಕವೇ ಇಲ್ಲವೆಂದ ಮೇಲೆ ಹೂವಿನ ಸೂತಕ ಎಲ್ಲಿಂದ ಬಂತೆಂದು ಅವರು ತಮ್ಮನ್ನೇ ಕೇಳಿಕೊಂಡರು. ಮಠದಿಂದ ಮರಳುವಾಗ ಒಂದು ಮೊಳ ಮಲ್ಲಿಗೆ ಕೊಂಡು ಅಲ್ಲಿಯೇ ಮುಡಿದರು. ಮೂವತ್ತು ರೂಪಾಯಿ. ಓಣಿಯಲ್ಲಿ ಎರಡು ದಿನ ಮಾತು ನಡೆಯಿತು, ಮೂರನೆಯ ದಿನ ನಿಂತಿತು. ಅವರ ಸೊಸೆಯೇ ಈಗ ಸೋಮವಾರಕ್ಕೊಮ್ಮೆ ಹೂ ತಂದುಕೊಡುತ್ತಾಳೆ. ಅಲಂಕಾರವೆಲ್ಲ ಆಡಂಬರವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಈ ಮೂವತ್ತು ರೂಪಾಯಿಯನ್ನು ಯಾವ ಖಾತೆಗೆ ಬರೆದಾರು?

ಇನ್ನು ನಮ್ಮ ಹಣ ಯಾರ ಕೈ ಸೇರುತ್ತದೆಂಬುದನ್ನೂ ಗಮನಿಸಬೇಕು. ಓಣಿಯ ಮುಂದಿನ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಕನ್ನಡಿ ಇಟ್ಟುಕೊಂಡು ಪಾರ್ಲರ್ ನಡೆಸುವ ಹೆಣ್ಣುಮಗಳದೂ ಕಾಯಕವೇ. ಹಲ್ಲಿನಲ್ಲಿ ನೂಲು ಕಚ್ಚಿ, ಬಗ್ಗಿ ನಿಂತು ದಿನವಿಡೀ ದುಡಿಯುವ ಆಕೆಯ ಕತ್ತು-ಸೊಂಟಗಳ ನೋವು ನಮಗೆ ಕಾಣುವುದಿಲ್ಲ. ಸೌಂದರ್ಯ ಸೇವೆಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ರಿಂದ 5ಕ್ಕೆ ಇಳಿಸಲಾಯಿತು. ಅದನ್ನು ಕೇಳಿ, “ನೀನೂ ರೇಟು ಇಳಿಸು” ಎಂದು ಆಕೆಯೊಡನೆ ವಾದ ಹೂಡಿದವರುಂಟು. ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟಿಲ್ಲದ ಸೇವೆಗಳಿಗೆ ಆ ತೆರಿಗೆಯ ನೋಂದಣಿಯೇ ಕಡ್ಡಾಯವಲ್ಲ. ಕಟ್ಟದ ತೆರಿಗೆಯನ್ನು ಇಳಿಸುವುದೆಂತು? ದೊಡ್ಡ ಅಂಗಡಿಯಲ್ಲಿ ಬರೆದಷ್ಟು ಕೊಟ್ಟು ಬರುವ ನಾವು ಹತ್ತು ರೂಪಾಯಿಗಾಗಿ ಈಕೆಯೊಡನೆ ಚೌಕಾಸಿ ಮಾಡುವುದು ಶರಣರು ಮೆಚ್ಚುವ ನಡೆಯಲ್ಲ.

ಕೊನೆಯದಾಗಿ, ಪುಸ್ತಕಗಳಲ್ಲಿ ಇಲ್ಲದ ಸಾಲಿನ ವಿಚಾರ. ಬಳಗದ ಕೆಲವರ ಲೆಕ್ಕದಲ್ಲಿ ವರ್ಷವಿಡೀ ಒಂದು ರಕ್ತಪರೀಕ್ಷೆಯೂ ಇರಲಿಲ್ಲ. ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46-47ರ ಸುಮಾರಿಗೆ. ಆ ತರುವಾಯ ಮೂಳೆ ಬೇಗ ಸವೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 48ರಷ್ಟು ಜನಕ್ಕೆ ರಕ್ತಹೀನತೆ. ಮುಖ ಬಿಳಿಚಿಕೊಂಡಿರುವುದು ರಕ್ತ ಕಡಿಮೆಯಾಗಿ. ನಾವು ಹಚ್ಚುವುದು ಕೆಂಪು ಪೌಡರು! ಕೂದಲು ಉದುರುವುದು ಥೈರಾಯ್ಡಿನ ಏರುಪೇರಿನಿಂದ. ನಾವು ಕೊಳ್ಳುವುದು ಹೊಸ ಎಣ್ಣೆ! ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳಿಗೆ 30 ದಾಟಿದವರನ್ನು ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ತಪಾಸಣೆ ಮಾಡಬೇಕೆಂಬ ಕ್ರಮವನ್ನು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿಯೇ ರೂಪಿಸಿದೆ. ಫೇಶಿಯಲ್ಲಿಗೆ ಹೋಗುವ ಒಂದು ಗಂಟೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೋಗಿಬರಬಹುದು.

ಆದ್ದರಿಂದ ಈ ವರ್ಷದಿಂದ ನಮ್ಮ ಬಳಗದವರು ಪುಸ್ತಕದ ಪುಟವನ್ನು ಮೂರು ಸಾಲುಗಳಿಂದ ಆರಂಭಿಸಬೇಕೆಂದು ಗೊತ್ತುಮಾಡಿಕೊಂಡಿದ್ದೇವೆ. ಮೊದಲ ಸಾಲು ಆರೋಗ್ಯ: ವರ್ಷಕ್ಕೊಮ್ಮೆ ರಕ್ತದ, ಕಣ್ಣಿನ ಪರೀಕ್ಷೆ, ವೈದ್ಯರು ಹೇಳಿದ ಗುಳಿಗೆ. ಎರಡನೆಯ ಸಾಲು ದಾಸೋಹ: ಎಷ್ಟು ಕಿರಿದಾದರೂ ಸರಿ, ಅದಕ್ಕೊಂದು ಪಾಲು. ಮೂರನೆಯ ಸಾಲು ಅಲಂಕಾರ: ಉಳಿದುದರಲ್ಲಿ, ಮನಸ್ಸಿಗೆ ಒಪ್ಪಿದಷ್ಟು, ಯಾರಿಗೂ ಮುಚ್ಚಿಡದೆ, ಯಾರಿಗೂ ಅಂಜದೆ. ಒಬ್ಬಾಕೆ ಬಣ್ಣ ಬಿಡಬಹುದು, ಮತ್ತೊಬ್ಬಾಕೆ ಮುಂದುವರಿಸಬಹುದು. ಬಿಟ್ಟವಳು ಹಚ್ಚಿದವಳನ್ನು ಹೀಯಾಳಿಸಬಾರದು, ಹಚ್ಚಿದವಳು ಬಿಟ್ಟವಳಿಗೆ ಮರುಗಬಾರದು. ಮದುವೆಮನೆಯಲ್ಲಿ ಭೇಟಿಯಾದಾಗ “ಯಾಕ ಇಷ್ಟು ಸೊರಗೀರಿ, ಮುಖ ಎಷ್ಟು ಕರ್ರಗಾತು” ಎಂಬ ಮಾತಿನಿಂದ ಯಾರನ್ನೂ ಎದುರುಗೊಳ್ಳಬಾರದೆಂಬುದೂ ನಮ್ಮ ನಿಶ್ಚಯ. ಆ ಒಂದು ಮಾತು ಎಷ್ಟು ಡಬ್ಬಿ ಕ್ರೀಮುಗಳನ್ನು ಮಾರಿಸಿದೆಯೋ ಯಾವ ಜಾಹೀರಾತೂ ಮಾರಿಸಿರಲಾರದು.

ಕಾಯವನ್ನೇ ದೇಗುಲವೆಂದು ಕಂಡ ಪರಂಪರೆ ನಮ್ಮದು. ದೇಗುಲದ ಅಂಗಳ ಗುಡಿಸಿ ರಂಗೋಲಿ ಹಾಕುವುದು ಸರಿಯೇ; ಕಂಬ ಟೊಳ್ಳಾಗುತ್ತಿರುವಾಗ ಕಳಸಕ್ಕಷ್ಟೇ ಬಣ್ಣ ಬಳಿಯುವುದು ಜಾಣತನವಲ್ಲ. ಬೆಳಗ್ಗೆ ಮಿಂದು, ಹಣೆಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ನೋಡುವ ಹೊತ್ತಿನಲ್ಲಿ ನಮ್ಮನ್ನು ಯಾರೂ ವಯಸ್ಸು ಕೇಳುವುದಿಲ್ಲ. ಆ ನೆಮ್ಮದಿಯಲ್ಲಿ ಒಂದಿಷ್ಟನ್ನು ದಿನದ ಉಳಿದ ಹೊತ್ತಿಗೂ ಕೊಂಡೊಯ್ಯಲು ಸಾಧ್ಯವಾದರೆ ಖರ್ಚು ತಾನಾಗಿಯೇ ಹದಕ್ಕೆ ಬರುತ್ತದೆ. ಸಹೋದರಿಯರು ಮುಂದಿನ ತಿಂಗಳಿನಿಂದ ತಮ್ಮ ತಮ್ಮ ಮನೆಗಳಲ್ಲಿ ಇಂಥದೊಂದು ಪುಸ್ತಕವನ್ನು ಆರಂಭಿಸಲಿ; ಮನೆಯ ಯಜಮಾನರೂ ಅದರಲ್ಲಿ ಒಂದು ಪುಟ ತುಂಬಲಿ ಎಂದು ಬಿನ್ನವಿಸಿಕೊಳ್ಳುತ್ತೇವೆ.